ಬನ್ನೂರಿನ ಬಾಲಕ, ಹಂಪೆಯ ಗುರು

ಕಳಲೆಯಿಂದ ನಂಜನಗೂಡಿಗೆ ಬಂದು ಕಪಿಲೆಯ ಹರಿವನ್ನು ಅನುಸರಿಸಿ ಸಾಗಿದರೆ ತಿರುಮಕೂಡಲು ದೊರೆಯುತ್ತದೆ. ಅದರ ಸಮೀಪದ ಸೋಸಲೆಯಲ್ಲಿ ವ್ಯಾಸರಾಜ ಮಠ. ಅದೇ ಸೀಮೆಯ ಬನ್ನೂರು ವ್ಯಾಸರಾಯರ ಜನ್ಮಸ್ಥಳ. ಹಿಂದೆ ಕಳಲೆಯಲ್ಲಿ ಉಪಾಧ್ಯಾಯನಾಗಿದ್ದಾಗ ನಾನೊಮ್ಮೆ, ಈ ಮಹನೀಯರಿಗೆ ಸಂನ್ಯಾಸವಿತ್ತವರು ಶ್ರೀಪಾದರಾಜರೆಂದು ಕರಿಹಲಗೆಯ ಮೇಲೆ ಬರೆದೆ. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ಅದು ತಪ್ಪೆಂದ. ನಾನು ಅವನನ್ನು ಗದರಿಸಿ ಕುಳ್ಳಿರಿಸಿದೆ. ತಪ್ಪು ನನ್ನದೇ ಎಂಬುದು ಅಂದಿನ ರಾತ್ರಿ ಪುಸ್ತಕವನ್ನು ತೆರೆದಾಗ ತಿಳಿಯಿತು.

ಸುಮಾರು 1460ರಲ್ಲಿ ಹುಟ್ಟಿದ ಆ ಬಾಲಕನನ್ನು ಎಳವೆಯಲ್ಲೇ ಬಳಿಗೆ ಕರೆದುಕೊಂಡು ಆಶ್ರಮವಿತ್ತವರು ಅಬ್ಬೂರಿನ ಬ್ರಹ್ಮಣ್ಯತೀರ್ಥರು. ಅವರು ಕಾಲವಾದ ಮೇಲೆ ತರುಣ ಯತಿ ಪೀಠವನ್ನೇರಿದರೂ ವಿದ್ಯಾರ್ಥಿಯಾಗಿಯೇ ಉಳಿದರು. ಕಂಚಿಗೆ ಹೋಗಿ ಪರಮತಗಳ ಶಾಸ್ತ್ರಗಳನ್ನು ಅಭ್ಯಸಿಸಿದರು. ಬಳಿಕ ಮುಳಬಾಗಿಲಿನಲ್ಲಿ ಶ್ರೀಪಾದರಾಜರ ಬಳಿ ಕುಳಿತು ಹಲವು ವರ್ಷ ಕಲಿತರು. ಸಂಸ್ಕೃತದ ಶಾಸ್ತ್ರದೊಡನೆ ಕನ್ನಡದ ಹಾಡಿಗೂ ಮಣೆ ಹಾಕಿದ ಗುರು ಅವರು. ಪೀಠಾಧಿಪತಿಯೊಬ್ಬರು ಮತ್ತೊಬ್ಬರ ಮುಂದೆ ಶಿಷ್ಯರಾಗಿ ಕೂರುವುದು ಸಾಮಾನ್ಯ ಮಾತಲ್ಲ.

ಮುಂದೆ ಚಂದ್ರಗಿರಿಯಲ್ಲಿ ಸಾಳುವ ನರಸಿಂಹನೂ ವಿಜಯನಗರದಲ್ಲಿ ಕೃಷ್ಣದೇವರಾಯನೂ ವ್ಯಾಸರಾಯರನ್ನು ಗೌರವಿಸಿದರು. ನ್ಯಾಯಾಮೃತ, ತಾತ್ಪರ್ಯಚಂದ್ರಿಕೆ, ತರ್ಕತಾಂಡವಗಳು ಅವರ ಮೇರುಕೃತಿಗಳು. ನ್ಯಾಯಾಮೃತಕ್ಕೆ ಉತ್ತರವೀಯಲು ಮಧುಸೂದನ ಸರಸ್ವತಿಗಳು ಅದ್ವೈತಸಿದ್ಧಿಯಂಥ ಮಹಾಗ್ರಂಥವನ್ನೇ ರಚಿಸಬೇಕಾಯಿತು. ಗುರುವಿನಿಂದ ಬಂದ ಎರಡು ಧಾರೆಗಳೂ ಶಿಷ್ಯರಲ್ಲಿ ಹರಿದವು: ವಿಜಯೀಂದ್ರರೂ ವಾದಿರಾಜರೂ ಶಾಸ್ತ್ರವನ್ನು ಬೆಳೆಸಿದರು, ವ್ಯಾಪಾರವನ್ನು ತೊರೆದು ಬಂದ ಪುರಂದರದಾಸರು ಹಾಡನ್ನು ಮನೆಮನೆಗೆ ಮುಟ್ಟಿಸಿದರು.

ಕುರುಬ ಕುಲದ ಕನಕದಾಸರನ್ನು ಹತ್ತಿರ ಸೇರಿಸಿದ್ದು ಮಠದ ಪಂಡಿತರಿಗೆ ಹಿಡಿಸಲಿಲ್ಲವೆಂದು ಐತಿಹ್ಯ. ಒಮ್ಮೆ ಗುರುಗಳು ಶಿಷ್ಯರಿಗೆ ಬಾಳೆಹಣ್ಣುಗಳನ್ನಿತ್ತು, ಯಾರೂ ಕಾಣದೆಡೆಯಲ್ಲಿ ತಿಂದು ಬರುವಂತೆ ಹೇಳಿದರಂತೆ. ದೇವರ ಕಣ್ಣಿಲ್ಲದ ಸ್ಥಳ ದೊರೆಯಲಿಲ್ಲವೆಂದು ಕನಕದಾಸರೊಬ್ಬರೇ ಹಣ್ಣನ್ನು ಹಿಂದಕ್ಕೆ ತಂದರಂತೆ. ಈ ಕಥೆಯನ್ನು ಶಿಷ್ಯನ ಹಿರಿಮೆಗಾಗಿ ಹೇಳುವುದು ವಾಡಿಕೆ. ನನಗೆ ಅಂದು ಕಂಡದ್ದು ಗುರುವಿನ ಹಿರಿಮೆ: ತಮ್ಮ ಆಜ್ಞೆಯನ್ನು ನಡೆಸದೆ ಬಂದವನನ್ನೇ ಅವರು ಸಭೆಯ ಮುಂದೆ ಮೆಚ್ಚಿದರು.

1539ರಲ್ಲಿ ವ್ಯಾಸರಾಯರು ದೇಹವನ್ನು ಬಿಟ್ಟರು. ಆನೆಗೊಂದಿಯ ಬಳಿ, ತುಂಗಭದ್ರೆಯ ನಡುಗಡ್ಡೆಯಲ್ಲಿ, ಅವರ ಬೃಂದಾವನವಿದೆ. ನಾನು ಅದನ್ನು ಕಂಡದ್ದು ಬಹಳ ತಡವಾಗಿ. ಆದರೆ ಆ ರಾತ್ರಿಯ ಮರುದಿನವೇ ಹುಡುಗನನ್ನು ಮುಂದಕ್ಕೆ ಕರೆದು ಸೀಮೆಸುಣ್ಣವನ್ನು ಅವನ ಕೈಗಿತ್ತೆ. ಅವನು ನನ್ನ ಅಕ್ಷರಗಳನ್ನು ಅಳಿಸಿ, ಬ್ರಹ್ಮಣ್ಯತೀರ್ಥರ ಹೆಸರನ್ನು ತಿದ್ದಿ ಬರೆದ.