ಶಾಂತವೇರಿ ಗೋಪಾಲಗೌಡ: ಆಡಳಿತವನ್ನು ಪ್ರಶ್ನಿಸಿದ ಜನಪ್ರತಿನಿಧಿ

ಪರಿಚಯ

ಬೆಂಗಳೂರು ದಕ್ಷಿಣ ಭಾಗದ ಪುಟ್ಟೇನಹಳ್ಳಿಯು ಜೆ.ಪಿ. ನಗರಕ್ಕೆ ಹೊಂದಿಕೊಂಡಿರುವ ಪ್ರದೇಶವಾಗಿದೆ. ಜೆ.ಪಿ. ನಗರವು ಜಯಪ್ರಕಾಶ ನಾರಾಯಣರ ಹೆಸರನ್ನು ಹೊತ್ತಿದೆ. 1934ರಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷವನ್ನು ಕಟ್ಟಿದ ಪ್ರಮುಖರಲ್ಲಿ ಅವರೂ ಡಾ. ರಾಮಮನೋಹರ ಲೋಹಿಯಾ ಅವರೂ ಇದ್ದರು. ಅದೇ ಸಮಾಜವಾದಿ ಪರಂಪರೆಯ ದನಿಯನ್ನು ನಮ್ಮ ರಾಜ್ಯದ ವಿಧಾನಸಭೆಯಲ್ಲಿ ಮೊಳಗಿಸಿದವರು ಶ್ರೀ ಶಾಂತವೇರಿ ಗೋಪಾಲಗೌಡರು. ಸರ್ಕಾರಿ ಸೇವೆಗಳಿಗೆ ಅರ್ಜಿ ಸಲ್ಲಿಸುವ ನಾಗರಿಕರು ಅವರ ಜೀವನವನ್ನೂ, ಶಾಸಕರ ಪ್ರಶ್ನೆಗೆ ಇಲಾಖೆಗಳು ಉತ್ತರದಾಯಿಯಾಗುವ ಬಗೆಯನ್ನೂ ಅರಿತಿರುವುದು ಉಪಯುಕ್ತ ಎಂಬ ಕಾರಣಕ್ಕೆ ಈ ಮಾಹಿತಿಯನ್ನು ನೀಡಲಾಗಿದೆ.

ಜನನ ಮತ್ತು ಆರಂಭದ ದಿನಗಳು

ಗೋಪಾಲಗೌಡರು 1923ರ ಮಾರ್ಚ್ 14ರಂದು ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನ ಆರಗ ಗ್ರಾಮದಲ್ಲಿ ಜನಿಸಿದರು. ವಿದ್ಯಾರ್ಥಿಯಾಗಿದ್ದಾಗಲೇ 1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಭಾಗವಹಿಸಿ ಸೆರೆಮನೆವಾಸ ಅನುಭವಿಸಿದರು. ಸ್ವಾತಂತ್ರ್ಯಾನಂತರ ಸಮಾಜವಾದಿ ಪಕ್ಷದ ಕಾರ್ಯಕರ್ತರಾಗಿ ಮಲೆನಾಡಿನ ಗೇಣಿದಾರರ ನಡುವೆ ದುಡಿದರು.

ಕಾಗೋಡು ಸತ್ಯಾಗ್ರಹ

1951ರ ಏಪ್ರಿಲ್‌ನಲ್ಲಿ ಸಾಗರ ತಾಲ್ಲೂಕಿನ ಕಾಗೋಡು ಗ್ರಾಮದಲ್ಲಿ ಗೇಣಿದಾರರ ಸತ್ಯಾಗ್ರಹ ಆರಂಭವಾಯಿತು. ಗೇಣಿಯ ಭತ್ತವನ್ನು ಅಳೆಯುವ ಕೊಳಗದ ಪ್ರಮಾಣವು ಅಂದಿನ ವಿವಾದದ ಮುಖ್ಯ ಅಂಶವಾಗಿತ್ತು. ಅಳತೆಯ ಕೊಳಗ ದೊಡ್ಡದಾದರೆ ರೈತನ ಮನೆಗೆ ಉಳಿಯುವ ಭತ್ತ ಕಡಿಮೆಯಾಗುತ್ತದೆ. ಶ್ರೀ ಎಚ್. ಗಣಪತಿಯಪ್ಪನವರು ಗೇಣಿದಾರರನ್ನು ಸಂಘಟಿಸಿದರು. ಗೋಪಾಲಗೌಡರು ಹಾಗೂ ಸಮಾಜವಾದಿ ಪಕ್ಷವು ಚಳವಳಿಗೆ ಬೆನ್ನೆಲುಬಾಗಿ ನಿಂತರು. ಅದೇ ವರ್ಷದ ಜೂನ್‌ನಲ್ಲಿ ಡಾ. ಲೋಹಿಯಾ ಅವರು ಕಾಗೋಡಿಗೆ ಬಂದು ಬಂಧನಕ್ಕೊಳಗಾದರು. ಉಳುವವನಿಗೆ ಭೂಮಿ ದೊರೆಯಬೇಕೆಂಬ ಬೇಡಿಕೆಯು ಈ ಸತ್ಯಾಗ್ರಹದಿಂದಾಗಿ ರಾಜ್ಯದಾದ್ಯಂತ ಚರ್ಚೆಯ ವಿಷಯವಾಯಿತು.

ವಿಧಾನಸಭೆಗೆ ಪ್ರವೇಶ

1952ರ ಪ್ರಥಮ ಸಾರ್ವತ್ರಿಕ ಚುನಾವಣೆಯಲ್ಲಿ ಗೋಪಾಲಗೌಡರು ಮೂವತ್ತು ತುಂಬುವ ಮೊದಲೇ ಸಾಗರ-ಹೊಸನಗರ ಕ್ಷೇತ್ರದಿಂದ ಆಯ್ಕೆಯಾದರು. ಅಂದಿನ ಮೈಸೂರು ವಿಧಾನಸಭೆಯ 99 ಸ್ಥಾನಗಳ ಪೈಕಿ ಕಾಂಗ್ರೆಸ್ ಪಕ್ಷವು 74 ಸ್ಥಾನಗಳನ್ನು ಪಡೆದಿತ್ತು. ಸಮಾಜವಾದಿ ಪಕ್ಷಕ್ಕೆ ದೊರೆತದ್ದು 3 ಸ್ಥಾನ ಮಾತ್ರ. 1957ರಲ್ಲಿ ಅವರು ಪರಾಭವಗೊಂಡರು. ತರುವಾಯ 1962 ಹಾಗೂ 1967ರಲ್ಲಿ ತೀರ್ಥಹಳ್ಳಿ ಕ್ಷೇತ್ರದಿಂದ ಪುನಃ ಚುನಾಯಿತರಾದರು.

ಇಷ್ಟು ಕಿರಿದಾದ ಪಕ್ಷದ ಸದಸ್ಯರಿಗೆ ಮತದಾನದಲ್ಲಿ ಸರ್ಕಾರವನ್ನು ಸೋಲಿಸುವ ಬಲವಿರುವುದಿಲ್ಲ. ಆದರೆ ಪ್ರಶ್ನೆ ಕೇಳುವ ಹಕ್ಕು ಆಡಳಿತ ಪಕ್ಷದವರಿಗೆ ಎಷ್ಟಿದೆಯೋ ಒಬ್ಬಂಟಿ ಸದಸ್ಯರಿಗೂ ಅಷ್ಟೇ ಇರುತ್ತದೆ. ಗೋಪಾಲಗೌಡರ ಶಾಸಕ ಜೀವನವನ್ನು ಈ ಹಿನ್ನೆಲೆಯಲ್ಲಿ ನೋಡಬೇಕಾಗುತ್ತದೆ.

ಶಾಸಕರ ಪ್ರಶ್ನೆ: ಕಾರ್ಯವಿಧಾನ

ಮೈಸೂರು ಸಂಸ್ಥಾನದಲ್ಲಿ 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆಯು ಸ್ಥಾಪನೆಯಾಯಿತು. ಆರಂಭದಲ್ಲಿ ಸದಸ್ಯರು ತಮ್ಮ ಸೀಮೆಯ ಅಹವಾಲುಗಳನ್ನು ಅರಿಕೆ ಮಾಡಿಕೊಳ್ಳುತ್ತಿದ್ದರು. ಸಂವಿಧಾನ ಜಾರಿಗೆ ಬಂದ ನಂತರ ಮಂತ್ರಿಮಂಡಲವು ವಿಧಾನಸಭೆಗೆ ಸಾಮೂಹಿಕವಾಗಿ ಹೊಣೆಯಾಯಿತು. ಅಲ್ಲಿಗೆ ಅರಿಕೆಯ ಕಾಲ ಮುಗಿದು, ಉತ್ತರ ಪಡೆಯುವ ಹಕ್ಕಿನ ಕಾಲ ಬಂದಿತು.

ಸದಸ್ಯರು ತಮ್ಮ ಪ್ರಶ್ನೆಯನ್ನು ಲಿಖಿತ ಸೂಚನೆಯ ರೂಪದಲ್ಲಿ ವಿಧಾನಸಭೆಯ ಸಚಿವಾಲಯಕ್ಕೆ ಸಲ್ಲಿಸುತ್ತಾರೆ. ಸಭಾಧ್ಯಕ್ಷರು ಅಂಗೀಕರಿಸಿದ ಪ್ರಶ್ನೆಯನ್ನು ಸಂಬಂಧಪಟ್ಟ ಇಲಾಖೆಗೆ ಕಳುಹಿಸಲಾಗುತ್ತದೆ. ಇಲಾಖೆಯು ಜಿಲ್ಲೆ ಮತ್ತು ತಾಲ್ಲೂಕು ಕಚೇರಿಗಳಿಂದ ಅಂಕಿಅಂಶ ತರಿಸಿಕೊಂಡು ಉತ್ತರ ಸಿದ್ಧಪಡಿಸುತ್ತದೆ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಉತ್ತರಿಸುತ್ತಾರೆ. ಅದರ ಮೇಲೆ ಉಪಪ್ರಶ್ನೆಗಳನ್ನು ಕೇಳಬಹುದು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಒದಗಿಸಲಾಗುತ್ತದೆ. ಸಚಿವರು ನೀಡಿದ ಭರವಸೆ ಈಡೇರಿತೇ ಎಂಬುದನ್ನು ಸರ್ಕಾರಿ ಭರವಸೆಗಳ ಸಮಿತಿಯು ಪರಿಶೀಲಿಸುತ್ತದೆ. ಉದ್ದೇಶಪೂರ್ವಕವಾಗಿ ತಪ್ಪು ಮಾಹಿತಿ ನೀಡಿದಲ್ಲಿ ಅದು ಹಕ್ಕುಚ್ಯುತಿಗೆ ಎಡೆಮಾಡಿಕೊಡಬಹುದು.

ಹೀಗೆ ಒಂದು ಪ್ರಶ್ನೆಯು ರಾಜಧಾನಿಯಿಂದ ಹೊರಟು ಗ್ರಾಮಮಟ್ಟದ ಕಡತದವರೆಗೂ ತಲುಪುತ್ತದೆ. ಎಷ್ಟು ಅರ್ಜಿಗಳು ಬಂದಿವೆ, ಎಷ್ಟು ಇತ್ಯರ್ಥವಾಗಿವೆ, ಉಳಿದವು ಯಾವ ಕಾರಣಕ್ಕೆ ಬಾಕಿಯಿವೆ ಎಂದು ಕೇಳಿದಾಗ ಇಲಾಖೆಯು ತನ್ನ ಕೆಲಸವನ್ನು ತಾನೇ ಅಳೆದು ತೋರಿಸಬೇಕಾಗುತ್ತದೆ. ಕಾಗೋಡಿನ ರೈತರು ಸರಿಯಾದ ಕೊಳಗಕ್ಕಾಗಿ ಹೋರಾಡಿದಂತೆ, ಶಾಸಕರ ಪ್ರಶ್ನೆಯೂ ಆಡಳಿತದಲ್ಲಿ ಸರಿಯಾದ ಅಳತೆಯನ್ನು ಕೇಳುವ ಸಾಧನವಾಗಿದೆ.

ಸದನದಲ್ಲಿ ಗೋಪಾಲಗೌಡರು

ಗೇಣಿದಾರರನ್ನು ಒಕ್ಕಲೆಬ್ಬಿಸುವಿಕೆ, ಶರಾವತಿ ಯೋಜನೆಯಿಂದ ನೆಲೆ ಕಳೆದುಕೊಂಡ ಕುಟುಂಬಗಳ ಪುನರ್ವಸತಿ, ಆಡಳಿತದಲ್ಲಿ ಕನ್ನಡದ ಬಳಕೆ, ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು – ಇವು ಗೋಪಾಲಗೌಡರು ಒತ್ತಾಯಪೂರ್ವಕವಾಗಿ ಮಂಡಿಸಿದ ವಿಷಯಗಳು. ನಾಡಿಗೆ ಬೆಳಕು ನೀಡಿದ ಶರಾವತಿಯ ನೀರು ಮಲೆನಾಡಿನ ಅನೇಕ ಗ್ರಾಮಗಳನ್ನು ಮುಳುಗಿಸಿತ್ತು. ಆ ಗ್ರಾಮಗಳ ಜನರಿಗೆ ಕಚೇರಿಯಿಂದ ಕಚೇರಿಗೆ ಅಲೆಯುವ ಶಕ್ತಿಯಾಗಲಿ, ಇಂಗ್ಲಿಷ್ ಆದೇಶಗಳನ್ನು ಓದುವ ಅನುಕೂಲವಾಗಲಿ ಇರಲಿಲ್ಲ. ಆಡಳಿತವು ಕನ್ನಡದಲ್ಲಿ ನಡೆಯಬೇಕೆಂಬ ಅವರ ಆಗ್ರಹವನ್ನು ಈ ಕಾರಣದಿಂದಲೂ ಅರ್ಥಮಾಡಿಕೊಳ್ಳಬೇಕು. ಅರ್ಥವಾಗದ ಉತ್ತರವು ಅರ್ಜಿದಾರನ ಪಾಲಿಗೆ ಉತ್ತರವೇ ಅಲ್ಲ.

ಪ್ರಶ್ನೆಗೆ ಇರುವ ಮಿತಿಯನ್ನೂ ಇಲ್ಲಿ ಗಮನಿಸಬೇಕು. 1961ರ ಭೂಸುಧಾರಣಾ ಕಾಯ್ದೆಯು ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ಶಾಸನವಾದ ಮೇಲೂ ರೈತರು ವರ್ಷಗಟ್ಟಲೆ ಕಾಯಬೇಕಾಯಿತು. ಪ್ರಶ್ನೆಯು ವಿಳಂಬವನ್ನು ಬಯಲಿಗೆ ತರಬಲ್ಲದು. ಅದನ್ನು ನಿವಾರಿಸಲು ಶಾಸನ, ಹಣ ಹಾಗೂ ಆಡಳಿತದ ಇಚ್ಛೆ ಮೂರೂ ಬೇಕು.

ಕೊನೆಯ ದಿನಗಳು

ಅನಾರೋಗ್ಯದಿಂದ ಬಳಲಿದ ಗೋಪಾಲಗೌಡರು 1972ರ ಜೂನ್ 9ರಂದು ಬೆಂಗಳೂರಿನಲ್ಲಿ ನಿಧನರಾದರು. ಆಗ ಅವರಿಗೆ 49 ವರ್ಷ. ಅದೇ ವರ್ಷದ ಜುಲೈನಲ್ಲಿ ರಾಜ್ಯದ ಮರುನಾಮಕರಣದ ನಿರ್ಣಯವನ್ನು ವಿಧಾನಸಭೆಯು ಅಂಗೀಕರಿಸಿತು. 1973ರ ನವೆಂಬರ್ 1ರಂದು ರಾಜ್ಯವು ಕರ್ನಾಟಕವಾಯಿತು. ಶ್ರೀ ಡಿ. ದೇವರಾಜ ಅರಸು ಅವರ ಸರ್ಕಾರವು ತಂದ ಭೂಸುಧಾರಣಾ ತಿದ್ದುಪಡಿಯು 1974ರ ಮಾರ್ಚ್ 1ರಿಂದ ಜಾರಿಗೆ ಬಂದಿತು. ಗೇಣಿದಾರರು ನಮೂನೆ 7ರಲ್ಲಿ ಭೂ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಿ ಅಧಿಭೋಗದ ಹಕ್ಕನ್ನು ಕೇಳುವಂತಾಯಿತು. ಗೋಪಾಲಗೌಡರು ಬಯಸಿದ್ದ ಈ ಎರಡು ಬದಲಾವಣೆಗಳನ್ನೂ ನೋಡಲು ಅವರು ಉಳಿದಿರಲಿಲ್ಲ. ವಿಧಾನಸೌಧದ ಸಮೀಪದ ವೃತ್ತವೊಂದಕ್ಕೆ ಅವರ ಹೆಸರನ್ನಿಡಲಾಗಿದೆ.

ಅರ್ಜಿದಾರರ ಗಮನಕ್ಕೆ

ಪುಟ್ಟೇನಹಳ್ಳಿಯು ನಗರಕ್ಕೆ ಸೇರಿದ ಹಳ್ಳಿಗಳಲ್ಲೊಂದು. ಹಳ್ಳಿಯು ನಗರವಾದೆಡೆಯಲ್ಲೆಲ್ಲ ಖಾತೆ, ಚರಂಡಿ, ಕುಡಿಯುವ ನೀರು ಮತ್ತು ಕೆರೆಯ ಗಡಿಯ ಪ್ರಶ್ನೆಗಳು ಏಳುತ್ತವೆ. ಇಲ್ಲಿನ ನಿವಾಸಿಗಳು 2010ರಲ್ಲಿ ಟ್ರಸ್ಟ್ ರಚಿಸಿಕೊಂಡು ಮಹಾನಗರ ಪಾಲಿಕೆಯೊಡನೆ ಕೆರೆಯ ಪುನಶ್ಚೇತನದಲ್ಲಿ ತೊಡಗಿದರು. ಕೇಳುವವರಿದ್ದರೆ ಕಡತ ಚಲಿಸುತ್ತದೆ ಎಂಬುದಕ್ಕೆ ಇದು ಹತ್ತಿರದ ನಿದರ್ಶನ.

ಶಾಸಕರಿಗೆ ಮಾತ್ರ ಇದ್ದ ಪ್ರಶ್ನೆಯ ಹಕ್ಕು ಈಗ ಬೇರೆ ರೂಪದಲ್ಲಿ ನಾಗರಿಕರಿಗೂ ದೊರೆತಿದೆ. 2005ರ ಮಾಹಿತಿ ಹಕ್ಕು ಅಧಿನಿಯಮದ ಮೂಲ ಪಾಠದಲ್ಲಿ, ಶಾಸನಸಭೆಗೆ ನಿರಾಕರಿಸಲಾಗದ ಮಾಹಿತಿಯನ್ನು ಯಾವ ವ್ಯಕ್ತಿಗೂ ನಿರಾಕರಿಸತಕ್ಕದ್ದಲ್ಲವೆಂಬ ತತ್ವವನ್ನು ಅಳವಡಿಸಲಾಗಿತ್ತು. ಈ ಅಧಿನಿಯಮದ ಮೇರೆಗೆ ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡಬೇಕು. 2012ರಲ್ಲಿ ಆರಂಭವಾದ ಸಕಾಲ ಯೋಜನೆಯಡಿ ಸ್ವೀಕೃತಿ ಸಂಖ್ಯೆಯೊಡನೆ ಸೇವೆ ದೊರೆಯಬೇಕಾದ ದಿನವನ್ನೂ ತಿಳಿಸಲಾಗುತ್ತದೆ. ವಿಳಂಬವಾದಲ್ಲಿ ಮೇಲ್ಮನವಿಗೆ ಅವಕಾಶವಿದೆ. ಇವುಗಳಿಂದಲೂ ಪರಿಹಾರ ದೊರೆಯದ ಸಾರ್ವಜನಿಕ ವಿಷಯವನ್ನು ತಮ್ಮ ಕ್ಷೇತ್ರದ ಶಾಸಕರ ಗಮನಕ್ಕೆ ತಂದು ಸದನದಲ್ಲಿ ಪ್ರಶ್ನಿಸುವಂತೆ ಕೋರಬಹುದು.

ಪ್ರಶ್ನೆಯು ಸ್ಪಷ್ಟವಾಗಿದ್ದಷ್ಟೂ ಉತ್ತರ ಜಾರಿಕೊಳ್ಳುವುದು ಕಠಿಣವಾಗುತ್ತದೆ. ಆದುದರಿಂದ ಸ್ಥಳ, ದಿನಾಂಕ, ಅರ್ಜಿ ಸಂಖ್ಯೆ ಮತ್ತು ಕೋರಿದ ಸೇವೆಯನ್ನು ನಿಖರವಾಗಿ ನಮೂದಿಸಿ, ಸ್ವೀಕೃತಿಯನ್ನು ಜೋಪಾನವಾಗಿ ಇರಿಸಿಕೊಳ್ಳಲು ಸಾರ್ವಜನಿಕರಲ್ಲಿ ಕೋರಲಾಗಿದೆ.