ಕಬ್ಬಿಣದ ನೇಗಿಲಿನ ಕಿರ್ಲೋಸ್ಕರರು

ವಿಜ್ಞಾನವು ಪಶ್ಚಿಮದಿಂದ ಹಡಗೇರಿ ಬಂದಿತು, ನಾವು ಕೈಯೊಡ್ಡಿ ಪಡೆದೆವು ಎಂಬ ಮಾತನ್ನು ಶಾಲೆಯಿಂದಲೂ ಕೇಳುತ್ತ ಬಂದಿದ್ದೇವೆ. ಅದು ಅರ್ಧಸತ್ಯವೆಂದು ತಿಳಿಯಲು ಧಾರವಾಡದಿಂದ ಬಹುದೂರ ಹೋಗಬೇಕಾಗಿಲ್ಲ. ಸವದತ್ತಿಯ ಬಳಿಯ ಗುರ್ಲಹೊಸೂರಿನಲ್ಲಿ 1869ರ ಜೂನ್ 20ರಂದು ಜನಿಸಿದ ಲಕ್ಷ್ಮಣರಾವ ಕಿರ್ಲೋಸ್ಕರರ ಬಾಳನ್ನು ನೋಡಿದರೆ ಸಾಕು.

ತಂದೆ ಕಾಶೀನಾಥಪಂತರು ವೇದಾಂತಿಗಳು. ಮಗನಿಗೆ ಚಿತ್ರಕಲೆಯ ಹಂಬಲ. ಮುಂಬಯಿಯ ಜೆ. ಜೆ. ಕಲಾಶಾಲೆಯನ್ನು ಸೇರಿದ ಮೇಲೆ, ತಮ್ಮ ಕಣ್ಣಿಗೆ ಕೆಲವು ಬಣ್ಣಗಳ ಭೇದ ತಿಳಿಯದೆಂಬುದು ಅವರಿಗೆ ಗೊತ್ತಾಯಿತು. ಬಣ್ಣವನ್ನು ಬಿಟ್ಟು ರೇಖೆಯನ್ನು ಹಿಡಿದರು. ಯಂತ್ರಗಳ ನಕ್ಷೆ ಬರೆಯುವುದನ್ನು ಕಲಿತು ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಶಿಕ್ಷಕರಾದರು. ಅಲ್ಲಿ ತಮಗೆ ಸಲ್ಲಬೇಕಾಗಿದ್ದ ಬಡ್ತಿಯು ಆಂಗ್ಲೋ-ಇಂಡಿಯನ್ನರೊಬ್ಬರ ಪಾಲಾದಾಗ ಕೆಲಸವನ್ನು ತೊರೆದು ಬೆಳಗಾವಿಗೆ ಬಂದುಬಿಟ್ಟರು. ಆಳುವವರ ಯಂತ್ರವಿದ್ಯೆಯಲ್ಲಿ ಎಷ್ಟೇ ಪಳಗಿದರೂ ಮೇಲಿನ ಮೆಟ್ಟಿಲು ನಮ್ಮವರಿಗೆ ದೊರೆಯದ ಕಾಲವದು. 1888ರಲ್ಲಿ ಅಣ್ಣನೊಡನೆ ಆರಂಭಿಸಿದ್ದ ಸೈಕಲ್ ಅಂಗಡಿಯೇ ಇನ್ನು ಅವರ ಆಸರೆಯಾಯಿತು.

ಮೇವು ಕತ್ತರಿಸುವ ಯಂತ್ರದ ಬಳಿಕ ಅವರು ಕೈಹಾಕಿದ್ದು ಕಬ್ಬಿಣದ ನೇಗಿಲಿಗೆ. ಮೊದಲ ಆರು ನೇಗಿಲುಗಳು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಕಬ್ಬಿಣ ತಾಗಿದರೆ ಭೂಮಿಗೆ ನಂಜೇರುವುದೆಂದು ರೈತರು ಅಂಜಿದರು. ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ರೈತನ ಮೌಢ್ಯಕ್ಕೆ ನಗುತ್ತಾರೆ. ಆ ನಗೆ ನನಗೆ ಒಪ್ಪಿಗೆಯಾಗದು. ಮರದ ನೇಗಿಲು ಬಡ ಎತ್ತುಗಳ ಬಲಕ್ಕೆ ತಕ್ಕುದಾಗಿತ್ತು. ಮುರಿದರೆ ಊರ ಬಡಿಗನೇ ಸರಿಪಡಿಸುತ್ತಿದ್ದನು. ಬೇಸಾಯದ ಸುಧಾರಣೆಗೆಂದು ಸರಕಾರವು 1889ರಲ್ಲಿ ಇಂಗ್ಲೆಂಡಿನಿಂದ ಕರೆಸಿದ ರಸಾಯನಶಾಸ್ತ್ರಜ್ಞ ವೋಲ್ಕರರು ಕೂಡ ಇಲ್ಲಿಯ ರೈತನ ತಿಳಿವಳಿಕೆಯನ್ನು ತಮ್ಮ 1893ರ ವರದಿಯಲ್ಲಿ ಮೆಚ್ಚಿಕೊಂಡಿದ್ದರು. ಕೊಂಡವರಿಂದ ದೂರುಗಳು ಬಂದಾಗ ಕಿರ್ಲೋಸ್ಕರರು ನಗಲಿಲ್ಲ, ನೇಗಿಲನ್ನು ತಿದ್ದಿದರು. ಮಾದರಿ ಹೊರದೇಶದ್ದಾದರೂ ಪರೀಕ್ಷೆ ನಡೆದುದು ಇಲ್ಲಿಯ ಹೊಲದಲ್ಲಿ, ಪರೀಕ್ಷಕನು ಒಕ್ಕಲಿಗ. ಆ ತಿದ್ದುಪಡಿಗಳಿಂದಲೇ ಅದು ಈ ನೆಲದ ನೇಗಿಲಾಯಿತು.

ಊರಿನ ವಿಸ್ತರಣೆಗಾಗಿ ಕಾರಖಾನೆಯ ಜಾಗವನ್ನು ಬಿಡಬೇಕೆಂದು ಬೆಳಗಾವಿಯ ಪುರಸಭೆ ಆಜ್ಞಾಪಿಸಿತು. ಆಗ ಕೈಹಿಡಿದವರು ಔಂಧ ಸಂಸ್ಥಾನದ ಅರಸರು. 10,000 ರೂಪಾಯಿಗಳ ಬಡ್ಡಿಯಿಲ್ಲದ ಸಾಲವನ್ನೂ ಕುಂಡಲದ ಹತ್ತಿರ ಪಾಪಾಸುಕಳ್ಳಿ ಬೆಳೆದ 32 ಎಕರೆ ಬರಡು ಭೂಮಿಯನ್ನೂ ಕೊಟ್ಟರು. ಬ್ರಿಟಿಷರ ನೇರ ಆಡಳಿತದ ಹೊರಗಿದ್ದ ಆ ನೆಲದಲ್ಲಿ 1910ರಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ಸೆರೆಮನೆಯಿಂದ ಹೊರಬಂದವರಿಗೂ ಅಲ್ಲಿ ಕೆಲಸವಿತ್ತು. ಮುಂದೆ 1941ರಲ್ಲಿ ಹರಿಹರದಲ್ಲಿಯೂ 1946ರಲ್ಲಿ ಬೆಂಗಳೂರಿನಲ್ಲಿಯೂ ಅವರ ಮನೆತನದ ಕಾರಖಾನೆಗಳು ತಲೆಯೆತ್ತಿದವು.

1956ರ ಸೆಪ್ಟೆಂಬರ್ 26ರಂದು ಲಕ್ಷ್ಮಣರಾಯರು ತೀರಿಕೊಂಡರು. ಐದು ವಾರಗಳ ಬಳಿಕ, ನವೆಂಬರ್ 1ರಂದು, ಅವರು ಹುಟ್ಟಿದ ಊರು ಮೈಸೂರು ರಾಜ್ಯವನ್ನು ಸೇರಿತು; ಅವರು ಕಟ್ಟಿದ ಊರು ಮುಂಬಯಿ ರಾಜ್ಯದಲ್ಲಿಯೇ ಉಳಿಯಿತು.