ಕುಂಡದಲ್ಲಿ ಎರೆಹುಳು ಸಾಕಿದ ಡಾರ್ವಿನ್

ಹುನಗುಂದ, ಇಳಕಲ್ಲಿನ ಎರೆಭೂಮಿಯ ರೈತ ಬಾಂಧವರೇ, ಮನೆಯಲ್ಲಿ ಎರೆಹುಳು ಸಾಕುವವರನ್ನು ಕಂಡು ನಗಬೇಡಿರಿ. ಇಂಗ್ಲೆಂಡಿನ ಚಾರ್ಲ್ಸ್ ಡಾರ್ವಿನ್ (1809–1882) ಓದುವ ಕೋಣೆಯಲ್ಲೇ ಮಣ್ಣಿನ ಕುಂಡಗಳಲ್ಲಿ ಅವನ್ನು ಸಾಕಿದ್ದರು. ಕೋಸು, ಗಜ್ಜರಿ, ಉಳ್ಳಾಗಡ್ಡಿ ಹಾಕಿ ಯಾವುದನ್ನು ತಿನ್ನುತ್ತವೆಂದು ನೋಡಿದರು. ಪಿಯಾನೊ ಬಾರಿಸಿದರೆ ಹುಳುಗಳಿಗೆ ಕೇಳಲಿಲ್ಲ. ಕುಂಡವನ್ನು ಪಿಯಾನೊ ಮೇಲಿಟ್ಟಾಗ ನಡುಕ ತಿಳಿದು ಬಿಲ ಸೇರಿದವು. ಇಷ್ಟು ಸಣ್ಣ ಜೀವಿ ನೆಲ ಬದಲಿಸೀತೇ ಎಂದು ಹೀಗಳೆದವರಿದ್ದರು. ಡಾರ್ವಿನ್ 1842ರಲ್ಲಿ ಹೊಲದ ಮೇಲೆ ಸೀಮೆಸುಣ್ಣದ ಚೂರು ಹರಡಿಸಿ, 1871ರಲ್ಲಿ ಅಗೆಸಿದರು. ಚೂರುಗಳು 7 ಅಂಗುಲ ಕೆಳಗಿದ್ದವು! ಇಪ್ಪತ್ತೊಂಬತ್ತು ವರ್ಷ ಕಾಯುವ ತಾಳ್ಮೆ ನಮ್ಮಲ್ಲಿ ಎಷ್ಟು ಮಂದಿಗುಂಟು? 1881ರಲ್ಲಿ, ತೀರಿಕೊಳ್ಳುವ ಆರು ತಿಂಗಳ ಮುಂಚೆ, ಎರೆಹುಳುಗಳ ಮೇಲಿನ ಪುಸ್ತಕ ಹೊರತಂದರು.

ನೀವು ಕುಂಡ ಇಡುವುದಾದರೆ ನೆರಳಿನಲ್ಲಿಡಿರಿ. ತಳಕ್ಕೆ ತೂತು, ಒಳಗೆ ಹಳೆಯ ಸಗಣಿ, ಮೇಲೆ ಒದ್ದೆ ಗೋಣಿತಟ್ಟು. ಬದಾಮಿಯ ಬೇಸಿಗೆಯಲ್ಲಿ ತಟ್ಟು ಒಣಗಿದರೆ ಹುಳು ಉಳಿಯಲಾರವು. ಹಸಿ ಸಗಣಿಯ ಕಾವೂ ಕೊಲ್ಲುತ್ತದೆ.